ಇಬ್ಬರೂ ಕೂತು ತೆರೆಯುವ ಇಮೇಲ್

“ಇಮೇಲ್ ಸ್ವಂತದ್ದು ಬೇಕೇನ್ರಿ, ವ್ಯಾಪಾರದ್ದೇನ್ರಿ?” ಎಂದು ನಾನು ಕೇಳಿದ ಕೂಡಲೇ ನೇಕಾರ ದಂಪತಿ ಮುಖ ಮುಖ ನೋಡಿಕೊಂಡರು. ನೇಯ್ದ ಸೀರೆಗಳ ಫೋಟೊ ಗಿರಾಕಿಗೆ ಕಳಿಸಬೇಕೆಂದು ಗದ್ವಾಲದ ನನ್ನ ಇಂಟರ್‌ನೆಟ್ ಅಂಗಡಿಗೆ ಬಂದಿದ್ದರು. ಸ್ವಂತದ್ದು ಒಬ್ಬರ ಹೆಸರಲ್ಲಿ, ವ್ಯಾಪಾರದ್ದು ಅಂಗಡಿ ಹೆಸರಲ್ಲಿ, ಕಚೇರಿ ಕೊಟ್ಟದ್ದು ನೌಕರಿ ಇರುವ ತನಕ ಎಂದು ವಿವರಿಸಿದೆ. ಅವರಿಗೆ ಅಂಗಡಿಯೇ ಇರಲಿಲ್ಲ. ಮಗ್ಗ ಮನೆಯ ಪಡಸಾಲೆಯಲ್ಲೇ ಇತ್ತು. ವಿವರಿಸಿದಷ್ಟೂ ನನಗೇ ಗೊಂದಲ. ಕೊನೆಗೆ ಸ್ವಂತದ್ದನ್ನೇ ತೆರೆದು, ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂದೆ.

ಯಜಮಾನರು ಪಾಸ್‌ವರ್ಡಿನ ಅರ್ಧ ಒತ್ತಿ ಪಕ್ಕಕ್ಕೆ ಸರಿದರು. ಆಕೆ ಸೆರಗನ್ನು ಅಡ್ಡ ಹಿಡಿದು ಉಳಿದರ್ಧ ಒತ್ತಿದರು. ಒಬ್ಬರದು ಇನ್ನೊಬ್ಬರಿಗೆ ಹೇಳಲೇ ಇಲ್ಲ!

“ಒಬ್ಬರು ಇಲ್ಲದಾಗ ಹೆಂಗ ತೆರೀತೀರಮ್ಮಾ?” ಎಂದೆ.

“ಸೀರಿ ಒಡಲಿಗೆ ಅಂಚು ಕೂಡಸಾಕ ಅವ್ರು ಆ ಕಡಿ, ನಾ ಈ ಕಡಿ ಕುಂದರತೀವ್ರಿ. ಒಬ್ರೇ ಕುಂತ್ರ ನಮ್ಮ ಮಗ್ಗ ನಡಿಯಂಗಿಲ್ಲ. ಇದೂ ಹಂಗ ಇರ್ಲಿ ಬಿಡ್ರಿ,” ಎಂದರು ಆಕೆ.

ಅದು ಯಾವ ಬಗೆಯ ಖಾತೆಯೋ ನನಗೆ ಇಂದಿಗೂ ತಿಳಿದಿಲ್ಲ. ಅಂದು ಸಂಜೆ ಮನೆಯಲ್ಲಿ ನನ್ನ ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ರೂಢಿಯಂತೆ ಫೋನನ್ನು ಆಚೆ ತಿರುಗಿಸಿಕೊಂಡು ಪಾಸ್‌ವರ್ಡ್ ಒತ್ತತೊಡಗಿದೆ. ಅರ್ಧಕ್ಕೇ ಬೆರಳು ನಿಂತಿತು.