ಸೈಕಲಿನಿಂದ ಇಳಿಯುವ ವಿದ್ಯೆ

ನನಗೆ ಸೈಕಲಿನಿಂದ ಇಳಿಯಲು ಬರುವುದಿಲ್ಲ. ಐವತ್ತಾರು ವರ್ಷದ ಗಂಡಸು, ಅದರಲ್ಲಿ ನಲವತ್ತೈದು ವರ್ಷ ಸೈಕಲ್ ತುಳಿದವನು, ಹೀಗೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಹತ್ತಲು ಬರುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು ಜಡಿಮಳೆಯಲ್ಲಿ ಶಿರ್ತಾಡಿಯಿಂದ ಮೂಡುಬಿದಿರೆಗೆ ಹೋಗಿ ಬರಲೂ ಬರುತ್ತದೆ. ಇಳಿಯುವುದೊಂದು ಬರುವುದಿಲ್ಲ. ನಿಲ್ಲಬೇಕಾದಲ್ಲಿ ಎಡಗಾಲನ್ನು ನೆಲಕ್ಕೆ ಊರಿ, ಸೀಟಿನ ಮೇಲೆ ಕುಳಿತಂತೆಯೇ ಅಂಗಡಿಯವನಿಂದ ಸಾಮಾನು ಇಸಿದುಕೊಂಡು ಮುಂದೆ ಹೋಗುವುದು ನನ್ನ ಕ್ರಮ. ಇಳಿಯಲೇಬೇಕಾದಲ್ಲಿ ಯಾವುದಾದರೂ ಕಟ್ಟೆಗೆ ಆನಿಸಿ ಹೇಗೋ ಜಾರಿಕೊಳ್ಳುತ್ತೇನೆ, ಅದನ್ನು ಇಳಿಯುವುದು ಎನ್ನಲಾಗದು. ಮೀನು ಮಾರುವ ಹೆಂಗಸು ಒಮ್ಮೆ, ನಿಮಗೆ ಸೊಂಟದ ಕೆಳಗೆ ಕಾಲು ಉಂಟಾ ಅಥವಾ ಚಕ್ರವಾ ಎಂದು ಕೇಳಿದ್ದಳು. ಆಗ ನಗೆ ಬಂದಿತ್ತು.

ಈ ಅರೆವಿದ್ಯೆಗೆ ಕಾರಣ ಸಂಜೀವ. ಸಂಜೀವ ನಮ್ಮೂರಿನ ದೊಡ್ಡ ಮನೆಯ, ಅಂದರೆ ಗುತ್ತಿನ ಮನೆಯ ಹುಡುಗ. ನಾನು ಅವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರ ಮಗ. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚು. ಹನ್ನೊಂದನೇ ವರ್ಷದಲ್ಲಿ, ಅಪ್ಪ ಮಧ್ಯಾಹ್ನ ಮಲಗಿದ ಹೊತ್ತು ನೋಡಿ ಅವರ ಸೈಕಲನ್ನು ಮೆಲ್ಲಗೆ ತಳ್ಳಿಕೊಂಡು ಸಂಜೀವನ ಮನೆಯ ಅಂಗಳಕ್ಕೆ ಹೋಗುತ್ತಿದ್ದೆ. ಬಾರಿನ ಅಡಿಯಿಂದ ಕಾಲು ತೂರಿಸಿ ಅರ್ಧರ್ಧ ಪೆಡಲು ತುಳಿದು ಕಲಿತೆವು. ಸಂಜೀವ ಎರಡು ದಿನದಲ್ಲಿ ಎಲ್ಲವನ್ನೂ ಕಲಿತ. ನಾನು ಬಿಡಲು ಮಾತ್ರ ಕಲಿತೆ. ನಿಲ್ಲಿಸಬೇಕಾದಾಗ ಕೂಗುತ್ತಿದ್ದೆ. ಅವನು ಪಕ್ಕದಲ್ಲಿ ಓಡಿ ಬಂದು ಕ್ಯಾರಿಯರ್ ಹಿಡಿಯುತ್ತಿದ್ದ, ನಾನು ಅವನ ಮೇಲೆ ಬೀಳುತ್ತಿದ್ದೆ. ಅದೇ ನನ್ನ ಇಳಿಯುವಿಕೆ. ಅವನಿಗೆ ಜ್ವರ ಬಂದ ಒಂದು ದಿನ ಕೂಗಿದರೂ ಯಾರೂ ಬರದೆ ಅಂಗಳದ ಕಟ್ಟೆಗೆ ಹೋಗಿ ಗುದ್ದಿದೆ. ಸಂಜೀವನ ತಾಯಿ ಜಗಲಿಯಲ್ಲಿ ಕೂರಿಸಿಕೊಂಡು ನನ್ನ ಮೊಣಕಾಲಿನಿಂದ ಕಲ್ಲುಹರಳುಗಳನ್ನು ಒಂದೊಂದಾಗಿ ತೆಗೆದರು. ತೆಗೆಯುವಾಗ ನಾನು ಅಳಬಾರದೆಂದು ಬಾಯಿಗೊಂದು ಬೆಲ್ಲದ ತುಂಡು ಇಟ್ಟಿದ್ದರು.

ಈಗ ನಾನು ಮೂಡುಬಿದಿರೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ತಪ್ಪು ತಿದ್ದುವವನು. ನಮ್ಮಲ್ಲಿ ಅಚ್ಚಾಗುವುದು ಮುಖ್ಯವಾಗಿ ಮದುವೆಯ ಹೇಳಿಕೆ ಕಾಗದ, ಅಂದರೆ ಕರೆಯೋಲೆ. ಎಲ್ಲದರ ಅಡಿಯಲ್ಲೂ ಒಂದು ಸಾಲು ಇರುತ್ತದೆ: ಸಮಯಾಭಾವದಿಂದ ಖುದ್ದಾಗಿ ಬಂದು ಆಮಂತ್ರಿಸಲು ಸಾಧ್ಯವಾಗದಿದ್ದಲ್ಲಿ ಇದನ್ನೇ ವೈಯಕ್ತಿಕ ಕರೆಯೆಂದು ಭಾವಿಸಿ. ಈ ಸಾಲನ್ನು ನಾನು ತಿದ್ದಿದಷ್ಟು ಸಲ ಬೇರೆ ಯಾರೂ ತಿದ್ದಿರಲಿಕ್ಕಿಲ್ಲ. ಇದರಷ್ಟು ದೊಡ್ಡ ಸುಳ್ಳೂ ಬೇರೆ ಇಲ್ಲ. ನಮ್ಮ ಕಡೆ ಹಾಗೆ ಭಾವಿಸುವವರು ಯಾರೂ ಇಲ್ಲ. ಹೇಳಿಕೆ ಎಂದರೆ ಮನೆಗೆ ಹೋಗಬೇಕು, ಜಗಲಿಯಲ್ಲಿ ಕೂರಬೇಕು, ಬೆಲ್ಲ ನೀರು ಕುಡಿಯಬೇಕು, ಮಳೆ, ಗದ್ದೆ, ಮೊಣಕಾಲು ನೋವು ಎಲ್ಲ ಮಾತಾಡಿ, ಕೊನೆಗೆ ಏಳುವಾಗ, ಈಗ ನೆನಪಾಯಿತು ಎಂಬಂತೆ ಕಾಗದ ಕೊಡಬೇಕು. ಕಾಗದ ನೆಪ, ಕೂತದ್ದೇ ಹೇಳಿಕೆ.

ಸೈಕಲಿನ ಸುಖದ ವಿಷಯ ಹೇಳಬೇಕೆಂದು ಹೊರಟು ಎಲ್ಲಿಗೋ ಹೋದೆ. ಸುಖ ಇಲ್ಲವೆಂದಲ್ಲ. ಬೆಳಿಗ್ಗೆ ಮನೆಯಿಂದ ಹೊರಟರೆ ಮೊದಲ ಎರಡು ಮೈಲಿ ಇಳಿಜಾರು. ಪೆಡಲು ತುಳಿಯಬೇಕಾಗಿಲ್ಲ. ಯಾರ ಮನೆಯಲ್ಲಿ ದೋಸೆ, ಯಾರ ಮನೆಯಲ್ಲಿ ನಿನ್ನೆಯ ಸಾರು ಎಂದು ಮೂಗಿಗೆ ತಿಳಿಯುತ್ತದೆ. ಆದರೆ ಆ ಸುಖವನ್ನು ಊರು ಪುಕ್ಕಟೆ ಬಿಡುವುದಿಲ್ಲ. ಹೇಗೂ ಪೇಟೆಗೆ ಹೋಗುತ್ತೀರಲ್ಲ ಎಂದು ಒಬ್ಬರು ಬಿ.ಪಿ.ಯ ಮಾತ್ರೆಯ ಚೀಟಿ ಕೊಡುತ್ತಾರೆ, ಇನ್ನೊಬ್ಬರು ಮಿಕ್ಸಿಯ ಜಾರು ಕೊಡುತ್ತಾರೆ. ಮೂರು ಕಾರು ಇರುವ ಮನೆಯವರೂ ಕೊಡುತ್ತಾರೆ. ಕಾರಿನಲ್ಲಿ ಹೋಗುವವರಿಗೆ ಯಾರೂ ಕೆಲಸ ಹೇಳುವುದಿಲ್ಲ, ಅವರು ಅರ್ಜೆಂಟಿನಲ್ಲಿರುತ್ತಾರೆ. ಸೈಕಲಿನವನಿಗೆ ಎಂಥ ಅರ್ಜೆಂಟು?

ಬಸ್ಸಿನವರಿಗಂತೂ ನಾನು ಕಣ್ಣಿಗೇ ಕಾಣುವುದಿಲ್ಲ. ಹಿಂದಿನಿಂದ ಹಾರನ್ ಹೊಡೆದರೆ ಡಾಮರಿನ ಅಂಚಿನಿಂದ ಒಂದು ಗೇಣು ಕೆಳಗಿನ ಮಣ್ಣಿಗೆ ಹಾರಬೇಕು. ಹಾರಿದ ಮೇಲೆ ಕಿಟಕಿಯಿಂದ ಪರಿಚಯದವರು ಕೈಬೀಸುತ್ತಾರೆ. ಸ್ಕೂಟರ್ ಏನಾಯಿತು ಎಂದು ಕೇಳುತ್ತಾರೆ ಕೆಲವರು, ಸ್ಕೂಟರ್ ಇಲ್ಲದ ಮನುಷ್ಯ ಇರಬಹುದೆಂಬ ಸಂಶಯವೂ ಇಲ್ಲದೆ. ಇನ್ನು ಭಾನುವಾರ ತಲೆಗೆ ಬುಟ್ಟಿಯಂಥ ಟೊಪ್ಪಿ ಹಾಕಿಕೊಂಡು ಮಂಗಳೂರಿನಿಂದ ಬರುವ ಹುಡುಗರು ಉಂಟು. ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಅಂಕಲ್ ನೀವೇ ನಮಗೆ ಸ್ಫೂರ್ತಿ ಎನ್ನುತ್ತಾರೆ. ಅವರು ಹೊಟ್ಟೆ ಕರಗಿಸಲು ತುಳಿಯುತ್ತಾರೆ, ನಾನು ಹೊಟ್ಟೆಗೆ ಬೇಕಾದದ್ದು ತರಲು. ಸ್ಫೂರ್ತಿ ಯಾರಿಗೆ ಯಾರು ಎಂದು ನನಗೆ ಇನ್ನೂ ಅರ್ಥವಾಗಿಲ್ಲ.

ಬೆಳಗಿನ ಇಳಿಜಾರು ಸಂಜೆಗೆ ಚಡವು. ಆ ಏರಿನ ನಡುಮಧ್ಯೆ ಸಂಜೀವನ ಮನೆಯ ಗೇಟು. ಚಡವು ಹತ್ತುವವನಿಗೆ ಗೊತ್ತು, ಅಲ್ಲಿ ಒಮ್ಮೆ ಇಳಿದರೆ ಮತ್ತೆ ಸೈಕಲ್ ಹತ್ತಲಾಗುವುದಿಲ್ಲ, ತುದಿಯವರೆಗೆ ತಳ್ಳಲೇಬೇಕು. ಈ ಗೇಟಿಗೆ ಇನ್ನೊಂದು ಕತೆಯೂ ಉಂಟು. ಅಜ್ಜನ ಕಾಲದಲ್ಲಿ ಗುತ್ತಿನ ಮನೆಯ ಎದುರು ಯಾರೂ ಸೈಕಲಿನ ಮೇಲೆ ಕುಳಿತು ಹೋಗುವಂತಿರಲಿಲ್ಲ. ಇಳಿದು, ಮೇಲೆತ್ತಿ ಕಟ್ಟಿದ ಮುಂಡನ್ನು ಕೆಳಗೆ ಬಿಟ್ಟು, ತಳ್ಳಿಕೊಂಡು ದಾಟಬೇಕಿತ್ತು. ಪುರಾಣದ ರಾಜರು ಆಶ್ರಮದ ಹತ್ತಿರ ಬಂದಾಗ ರಥದಿಂದ ಇಳಿದು ನಡೆಯುತ್ತಾರಲ್ಲ, ಅದು ವಿನಯ. ಅಜ್ಜ ಇಳಿದದ್ದು ವಿನಯವಲ್ಲ, ಹೆದರಿಕೆ. ಭೂಮಸೂದೆ ಬಂದು ಗೇಣಿಯ ಗದ್ದೆ ನಮ್ಮದಾದ ವರ್ಷ ಅಪ್ಪ ಹಳೆಯದೊಂದು ಸೈಕಲ್ ತಂದರು. ಆ ಗೇಟಿನ ಎದುರು ಇಳಿಯದೆ, ಬೆಲ್ ಬಾರಿಸಿಕೊಂಡು ದಾಟಿದರು. ಸಂಜೀವನ ತಂದೆ ಜಗಲಿಯಿಂದ ನೋಡುತ್ತಲೇ ಇದ್ದರಂತೆ. ಅಪ್ಪ ಸಾಯುವವರೆಗೂ ಈ ಕತೆಯನ್ನು ಹೇಳುತ್ತಿದ್ದರು. ಅದೇ ಸೈಕಲನ್ನು ಅದೇ ಮನೆಯ ಅಂಗಳದಲ್ಲಿ ನಾನು ಮತ್ತು ಸಂಜೀವ ಕಲಿತದ್ದು ಮಾತ್ರ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಮೂರು ವರ್ಷದ ಹಿಂದೆ ಮಗಳ ಮದುವೆ. ಹೆಂಡತಿಗೆ ಬೆನ್ನುನೋವು, ಹಾಗಾಗಿ ಹೇಳಿಕೆ ನನ್ನೊಬ್ಬನ ಪಾಲಿಗೆ ಬಂತು. ಒಂದು ತಿಂಗಳು ದಿನವೂ ಕೆಲಸ ಮುಗಿಸಿ ಮನೆಮನೆ ಸುತ್ತಿದೆ. ಮುಖ ನೋಡಿ ಹತ್ತು ವರ್ಷವಾದವರ ಜಗಲಿಯಲ್ಲೂ ಕೂತೆ. ಕುಡಿದ ಬೆಲ್ಲ ನೀರಿಗೆ ಹೊಟ್ಟೆ ಉಬ್ಬರಿಸಿತು. ಒಂದು ಸಂಜೆ ಚಡವು ಹತ್ತಿ ಬರುವಾಗ ಸಂಜೀವ ಗೇಟಿನ ಹತ್ತಿರ ನಿಂತು ಕಾರು ತೊಳೆಯುತ್ತಿದ್ದ. ಎಡಗಾಲು ಊರಿದೆ. ಚೀಲದಿಂದ ಕಾಗದ ತೆಗೆದು ಚಾಚಿದೆ.

“ಹಿಡಿ. ಎಲ್ಲರೂ ಬರಬೇಕು. ನಿನಗೆ ಬೇರೆ ಹೇಳಲಿಕ್ಕೆ ಏನುಂಟು ಮಾರಾಯ” ಎಂದೆ. ಹಿಡಿದುಕೊಂಡ. ನಾನು ಪೆಡಲು ಒತ್ತಿ ಹೋದೆ.

ಸಂಜೀವ ಮದುವೆಗೆ ಬರಲಿಲ್ಲ. ಅವನ ಮನೆಯಿಂದ ಯಾರೂ ಬರಲಿಲ್ಲ. ನಾನು ಧಾರೆಯ ಹೊತ್ತಿನಲ್ಲೂ ಸಭಾಭವನದ ಬಾಗಿಲನ್ನೇ ನೋಡುತ್ತಿದ್ದೆ, ಪುರೋಹಿತರು ಎರಡು ಸಲ ಗದರಿದರು. ಆಮೇಲೆ ಮಾತು ಕಿವಿಗೆ ಬಿತ್ತು. ಪೇಪರು ಹಾಕುವವನ ಹಾಗೆ ಎಸೆದು ಹೋದ, ಸೈಕಲಿನಿಂದ ಇಳಿಯಲೂ ಇಲ್ಲ, ಅಪ್ಪನ ಹಾಗೆಯೇ ಮಗ ಎಂದನಂತೆ ಸಂಜೀವ. ಊರಿನವರು ಈ ಕೊನೆಯ ಮಾತನ್ನು ಬಹಳ ರುಚಿಯಿಂದ ಹೇಳಿದರು. ಕೆಲವರು ಬೆನ್ನು ತಟ್ಟಿದರು ಕೂಡ, ಸರಿಯಾಗಿ ಮಾಡಿದಿ ಎಂದು. ನಾನು ಏನೂ ಮಾಡಿರಲಿಲ್ಲ. ಪರರ ಮನೆಯಲ್ಲಿ ಕ್ರಮ ತಪ್ಪಬಾರದೆಂದು ಇಳಿದವನು, ಸ್ವಂತದ್ದೆಂದುಕೊಂಡ ಮನೆಯ ಎದುರು ಇಳಿಯಲಿಲ್ಲ, ಅಷ್ಟೆ. ಅಷ್ಟೆಯೇ? ಒಂದೊಂದು ರಾತ್ರಿ ಸಂಶಯ ಬರುತ್ತದೆ. ನನ್ನ ಎಡಗಾಲಿನಲ್ಲಿ ಅಪ್ಪ ಇದ್ದರೋ ಏನೋ. ಯಾವ ತಪ್ಪು ಚಡವಿನದು, ಯಾವುದು ರಕ್ತದ್ದು ಎಂದು ತಿದ್ದಿ ಹೇಳಲು ನನಗೆ ಬರುವುದಿಲ್ಲ. ಆದರೆ ನಲವತ್ತೈದು ವರ್ಷದ ಸ್ನೇಹಿತನಿಗೆ ನನ್ನ ಮುಖಕ್ಕಿಂತ ಮೊದಲು ನನ್ನ ಅಪ್ಪನ ಸೈಕಲ್ ಕಂಡಿತಲ್ಲ, ಅದು ನನಗೆ ಈಗಲೂ ಉರಿಯುತ್ತದೆ.

ಹೋಗಿ ಮಾತಾಡಬಹುದಿತ್ತು. ಹೋಗಲಿಲ್ಲ. ಮಗಳ ಮದುವೆಗೆ ಬರದವನು ಅವನು, ಮೊದಲು ಅವನೇ ಮಾತಾಡಲಿ ಎಂದುಕೊಂಡೆ. ಅಷ್ಟರಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಚಡವಿನ ಅರ್ಧಕ್ಕೆ ಬರುವಾಗ ಉಸಿರೂ ಕಾಲೂ ಒಟ್ಟಿಗೆ ಮುಗಿಯುತ್ತವೆ. ಎಲ್ಲಿ? ಸರಿಯಾಗಿ ಆ ಗೇಟಿನ ಎದುರು. ಕಳೆದ ಎರಡು ವರ್ಷದಿಂದ ಪ್ರತಿ ಸಂಜೆ ನಾನು ಅಲ್ಲೇ, ಬೀಳುತ್ತೇನೋ ಎಂಬಂತೆ ಒಂದು ಕಾಲು ಎಳೆದುಕೊಂಡು ಇಳಿಯುತ್ತೇನೆ, ಅಜ್ಜನ ಹಾಗೆ ತಳ್ಳಿಕೊಂಡು ದಾಟುತ್ತೇನೆ. ಇಳಿಯಬೇಕಾದ ಒಂದು ದಿನ ಇಳಿಯದವನಿಗೆ ದಿನವೂ ಇಳಿಯುವ ಶಿಕ್ಷೆ. ಒಳಗಿನಿಂದ ಯಾರೂ ಕರೆಯುವುದಿಲ್ಲ.

ಕಳೆದ ತಿಂಗಳು ನನ್ನ ಮೇಜಿಗೆ ಒಂದು ಹೇಳಿಕೆ ಕಾಗದ ಬಂತು. ಸಂಜೀವನ ಮಗನ ಮದುವೆ. ಅವನು ಪೇಟೆಯ ಬೇರೆ ಪ್ರೆಸ್ಸಿಗೆ ಕೊಡಬಹುದಿತ್ತು, ಇಲ್ಲಿಗೇ ಕೊಟ್ಟಿದ್ದ. ಅದರ ಅರ್ಥ ಏನೆಂದು ನಾನು ಮೂರು ದಿನ ಯೋಚಿಸಿದೆ. ಒಂದೂ ತಪ್ಪಿಲ್ಲದಂತೆ ತಿದ್ದಿದೆ. ಅಚ್ಚಾದ ಮೇಲೆ ಪ್ರೆಸ್ಸಿನ ಯಜಮಾನರು, ಹೇಗೂ ಆ ದಾರಿಯಲ್ಲೇ ಹೋಗುತ್ತೀರಲ್ಲ ಎಂದು ಕಟ್ಟನ್ನು ನನ್ನ ಕ್ಯಾರಿಯರಿಗೆ ಬಿಗಿದರು. ಊರಿಗೆಲ್ಲ ಹೋಗಲಿರುವ ಕರೆಗಳನ್ನು ಹೊತ್ತುಕೊಂಡು, ನನಗೆ ಕರೆ ಇದೆಯೋ ಇಲ್ಲವೋ ತಿಳಿಯದೆ ನಾನು ಚಡವು ಹತ್ತಿದೆ.

ಗೇಟಿನೊಳಗೆ ಹೋಗಿ ಸ್ಟ್ಯಾಂಡ್ ಹಾಕಿದೆ. ಸಂಜೀವ ಜಗಲಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಕಟ್ಟು ನೋಡಿ, ಅಲ್ಲಿ ಇಡು ಎಂದು ಬೆರಳಿನಲ್ಲಿ ತೋರಿಸಿ ಒಳಗೆ ಹೋದ. ಮೂಲೆಯ ಕುರ್ಚಿಯಲ್ಲಿ ಅವನ ತಾಯಿ ಇದ್ದರು. ಗೋಡೆ ಹಿಡಿದುಕೊಂಡು ಎದ್ದು, ತಡವರಿಸುತ್ತ ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟರು.

“ಆ ದಿನ ನೀನು ಗೇಟಿಗೆ ಬಂದದ್ದು ನಾನು ಇಲ್ಲಿಂದಲೇ ಕಂಡಿದ್ದೆ ಮಗಾ” ಎಂದರು. “ಹೇಳಿಕೆಗೆ ಬಂದ, ಈಗ ಬಂದು ಕೂತುಕೊಳ್ತಾನೆ ಅಂತ ಬೆಲ್ಲ ನೀರು ತಂದೆ. ತರುವಾಗ ನೀನು ಇಲ್ಲ. ಬಾಳೆ ಬುಡಕ್ಕೆ ಚೆಲ್ಲಿದೆ.”

ಮೂರು ವರ್ಷ ಸಂಜೀವನ ಮೇಲೆ ಕಟ್ಟಿಕೊಂಡಿದ್ದ ವಾದವೆಲ್ಲ ಅಲ್ಲೇ ಕುಸಿಯಿತು. ತಪ್ಪಾಯಿತು ಅಮ್ಮ ಎಂದೆ. ನನ್ನ ಹತ್ತಿರ ಹೇಳಿ ಏನು, ಅವನ ಹತ್ತಿರ ಹೇಳು ಎಂದರು. ಒಳಗೆ ಸಂಜೀವ ಅಡುಗೆಯವರೊಡನೆ ಪಾಯಸದ ವಿಷಯ ದೊಡ್ಡ ದನಿಯಲ್ಲಿ ಮಾತಾಡುತ್ತಲೇ ಇದ್ದ. ನೀರು ಕುಡಿದು ಸ್ವಲ್ಪ ಹೊತ್ತು ಕೂತೆ. ಇನ್ನೂ ಸ್ವಲ್ಪ ಕೂರಬೇಕಿತ್ತು. ಆದರೆ ನಾನು ಹೊರಡಲು ಗೊತ್ತಿರುವವನು, ಹೊರಟೆ.

ಮೊನ್ನೆ ಸಂಜೆ ನಮ್ಮ ಮನೆಯ ಎದುರು ಅವನ ಕಾರು ನಿಂತಿತು. ಕಂಡೊಡನೆ ಹೆಂಡತಿ ಒಳಗೆ ಓಡಿದಳು. ನಾನು ಜಗಲಿಯ ಬೆಂಚಿನ ಮೇಲಿದ್ದ ಪೇಪರುಗಳನ್ನು ಎತ್ತಿ ಜಾಗ ಮಾಡಿ, ರಸ್ತೆಗೆ ಹೋದೆ. ಎಂಜಿನ್ ಓಡುತ್ತಲೇ ಇತ್ತು. ಸಂಜೀವ ಕಿಟಕಿಯ ಗಾಜು ಇಳಿಸಿದ. ನಾನೇ ತಿದ್ದಿದ ಕಾಗದವನ್ನು ಹೊರಗೆ ಚಾಚಿದ.

“ಹಿಡಿ. ಎಲ್ಲರೂ ಬರಬೇಕು. ನಿನಗೆ ಬೇರೆ ಹೇಳಲಿಕ್ಕೆ ಏನುಂಟು ಮಾರಾಯ” ಎಂದ.

ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಮೂರು ವರ್ಷ ಉಪ್ಪಿನಲ್ಲಿ ಹಾಕಿ ಇಟ್ಟಿದ್ದನೇನೋ. ಗಾಜು ಮೇಲೇರಿತು, ಕಾರು ಹೋಯಿತು. ನನಗಾದರೂ ಚಡವಿನ ನೆಪ ಇತ್ತು, ಅವನ ಕಾರಿಗೆ ಯಾವ ಚಡವು ಎಂದು ಮೊದಲು ಸಿಟ್ಟು ಬಂತು. ತಿರುಗಿ ನೋಡಿದರೆ ಹೆಂಡತಿ ತಟ್ಟೆ, ಚೊಂಬು ಹಿಡಿದುಕೊಂಡು ಜಗಲಿಯಲ್ಲಿ ನಿಂತಿದ್ದಾಳೆ. ಗೇಟಿನ ಆ ಬದಿಯಿಂದ ನಾನು ಹೇಗೆ ಕಂಡಿದ್ದೆನೆಂದು ಆಗ ಪೂರ್ತಿ ಗೊತ್ತಾಯಿತು. ಇದನ್ನೇನು ಮಾಡುವುದು ಎಂದು ಕೇಳಿದಳು. ನಮ್ಮಲ್ಲೂ ಬಾಳೆ ಉಂಟಲ್ಲ ಎಂದೆ.

ಮದುವೆ ಬರುವ ಭಾನುವಾರ. ಹೋಗುವುದಾ ಎಂದು ಹೆಂಡತಿ ಕೇಳಿದಳು, ಹೋಗುವ ಎಂದೆ. ಅವಳು ಬಸ್ಸಿನಲ್ಲಿ, ನಾನು ಸೈಕಲಿನಲ್ಲಿ. ಸಭಾಭವನದ ಬಾಗಿಲಲ್ಲಿ ಸಂಜೀವ ಬಂದವರಿಗೆ ಕೈಮುಗಿಯುತ್ತ ನಿಂತಿರುತ್ತಾನೆ. ನಾನು ರಸ್ತೆಯಲ್ಲೇ ಇಳಿದು, ಅವನು ನೋಡುವ ಹಾಗೆ ತಳ್ಳಿಕೊಂಡು ಹೋಗಬೇಕೆಂದಿದ್ದೇನೆ. ಗುತ್ತಿನವರಿಗೆ ಹೆದರಿ ಇಳಿದ ಎಂದು ಊರು ಹೇಳಬಹುದು, ಅಪ್ಪ ಇದ್ದಿದ್ದರೆ ಊಟ ಬಿಡುತ್ತಿದ್ದರು. ನನಗೆ ಇರುವ ಹೆದರಿಕೆ ಬೇರೆ. ಕೂಗಿದರೆ ಓಡಿ ಬಂದು ಕ್ಯಾರಿಯರ್ ಹಿಡಿಯುತ್ತಿದ್ದವನು ಅಲ್ಲೇ ಹತ್ತು ಮಾರು ದೂರದಲ್ಲಿ ನಿಂತಿರುತ್ತಾನೆ, ಅವನ ಕಣ್ಣೆದುರೇ ನಾನು ಒಬ್ಬನೇ ಇಳಿಯಬೇಕು.