ಆರನೆಯ ಸಂಪುಟದಲ್ಲಿ ಮಾತು ಬಿಟ್ಟ ಡ್ರ್ಯಾಗನ್

ಈ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟಾಗ ಹುಳಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ನಿನ್ನೆ ರುಬ್ಬಿಟ್ಟ ಇಡ್ಲಿ ಹಿಟ್ಟು ಉಕ್ಕಿ, ಮುಚ್ಚಳವನ್ನು ಎತ್ತಿ, ಅದರ ಮೇಲೆ ಭಾರಕ್ಕೆಂದು ಇಟ್ಟಿದ್ದ ದಪ್ಪ ಪುಸ್ತಕದ ರಟ್ಟಿಗೂ ಮೆತ್ತಿಕೊಂಡಿತ್ತು. ರಟ್ಟಿನ ಮೇಲೆ ಬಾಯಿ ತೆರೆದುಕೊಂಡ ಒಂದು ಡ್ರ್ಯಾಗನ್ ಇದೆ. ಅದರ ಬಾಯಿಂದ ಬೆಂಕಿಯ ಬದಲು ಉದ್ದಿನ ಹಿಟ್ಟು ಇಳಿಯುತ್ತಿರುವುದನ್ನು ಕಂಡು, ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಸಮಾಧಾನವೇ ಆಯಿತು. ಒಬ್ಬನಿಗೆ ಎಷ್ಟು ಹಿಟ್ಟು ಬೇಕೆಂಬ ಅಂದಾಜು ನನಗಿನ್ನೂ ಸಿಕ್ಕಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಹಿಟ್ಟು ಉಕ್ಕುವುದು ಹೊಸದೇನೂ ಅಲ್ಲ. ಪುಸ್ತಕವನ್ನು ಅಲ್ಲಿಡುವಷ್ಟು ಸಿಟ್ಟು ಬಂದದ್ದು ಮಾತ್ರ ಹೊಸದು.

ಅದು ಒಂದು ಇಂಗ್ಲಿಷ್ ಕಥಾಮಾಲೆಯ ಆರನೆಯ ಸಂಪುಟ. ವರ್ಷಗಟ್ಟಲೆ ಕಾದು, ಮುಂಗಡವಾಗಿ ಹೇಳಿಟ್ಟು ತರಿಸಿಕೊಂಡದ್ದು. ನೀವು ನಗಬಹುದು. ಅರುವತ್ತು ದಾಟಿದವನು, ಮಂಡಿನೋವಿನ ಎಣ್ಣೆ ಹಚ್ಚಿಕೊಂಡು ಮುಂಬೈಯ ಮಲಾಡಿನ ಹಳೆಯ ಬಿಲ್ಡಿಂಗೊಂದರಲ್ಲಿ ಕುಳಿತವನು, ಡ್ರ್ಯಾಗನ್ ಕಾದಂಬರಿಗೆ ಬಾಯಿ ಬಿಟ್ಟು ಕಾಯುವುದೇ? ಆದರೆ ನಾನು ಕಾದದ್ದು ಕಥೆಗಲ್ಲ. ಆ ಕಥೆಯಲ್ಲಿ ಗುಹೆಯೊಳಗೆ ನಿಧಿ ಕಾಯುತ್ತಾ ಕುಳಿತ ಒಂದು ಮುದಿ ಡ್ರ್ಯಾಗನ್ ಇದೆ. ನನ್ನ ಹೆಂಡತಿ ವಾರಿಜಳಿಗೆ ಅದೆಂದರೆ ಪಂಚಪ್ರಾಣವಾಗಿತ್ತು. ವಾರಿಜ ಈಗಿಲ್ಲ. ಹೊಸ ಸಂಪುಟದಲ್ಲಿ ಆ ಡ್ರ್ಯಾಗನ್ ಬಾಯಿ ತೆರೆದು ನಾಲ್ಕು ಮಾತಾಡಿದರೆ, ಮನೆಯಲ್ಲಿ ಎರಡು ಗಳಿಗೆ ಅವಳೂ ಬಂದು ಕುಳಿತ ಹಾಗಾದೀತು ಎಂಬುದು ನನ್ನ ಆಸೆ. ಅಷ್ಟೇ ಆಸೆ.

ಈ ಚಟ ನನಗೆ ಹತ್ತಿದ್ದು ಗ್ರಾಂಟ್ ರೋಡಿನಲ್ಲಿ. ಅಲ್ಲಿ ಹೋಟೆಲಿನಲ್ಲಿದ್ದ ಸಂಬಂಧಿಕರೊಬ್ಬರನ್ನು ಕಾಣಲು ಹೋದವನು, ಅವರು ಬರುವ ತನಕ ಫುಟ್‌ಪಾತಿನ ಪುಸ್ತಕದ ರಾಶಿ ಕೆದಕುತ್ತಾ ನಿಂತಿದ್ದೆ. ಮೊದಲ ಸಂಪುಟ ಅಲ್ಲಿ ಸಿಕ್ಕಿತು. ಆಗ ನನ್ನ ಆಫೀಸು ಪರೇಲಿನಲ್ಲಿ. ಮಲಾಡಿನಲ್ಲಿ ಲೋಕಲ್ ಹತ್ತಿ ಪ್ರಭಾದೇವಿಯಲ್ಲಿ ಇಳಿಯುವಷ್ಟರಲ್ಲಿ, ಕುಳಿತುಕೊಳ್ಳಲು ಜಾಗ ಸಿಕ್ಕಿದ ದಿನ, ಒಂದು ಅಧ್ಯಾಯ ಮುಗಿಯುತ್ತಿತ್ತು. ಮೀಸೆ ಹಣ್ಣಾಗತೊಡಗಿದ ಗಂಡಸು ರೆಕ್ಕೆಯ ಹಾವಿನ ಚಿತ್ರವಿರುವ ಪುಸ್ತಕ ಹಿಡಿಯುವುದು ಹೇಗೆಂದು ಅದಕ್ಕೆ ಕನ್ನಡ ಪೇಪರಿನ ಬೈಂಡ್ ಹಾಕಿದ್ದೆ. ಎದುರು ಸೀಟಿನ ಕಾಯಂ ಗಿರಾಕಿಯೊಬ್ಬರು ದಿನಾ ಅದನ್ನು ಭಕ್ತಿಯಿಂದ ನೋಡುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟರು: "ಕಾಯ್ ಸಾಹೇಬ್, ಪೋಥೀ ಕಾ?" ಯಾವುದೋ ಪಾರಾಯಣದ ಗ್ರಂಥವೆಂದು ಅವರ ಎಣಿಕೆ. ನಾನು ಗಂಭೀರವಾಗಿ ತಲೆಯಾಡಿಸಿದೆ. ಮರುದಿನದಿಂದ ಅವರು ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡತೊಡಗಿದರು.

ವಾರಿಜ ಇಂಗ್ಲಿಷ್ ಓದಬಲ್ಲವಳೇ, ಆದರೆ ಓದುತ್ತಿರಲಿಲ್ಲ. "ಅಷ್ಟು ಸಣ್ಣ ಅಕ್ಷರ ನನಗಾಗುದಿಲ್ಲ. ನೀವು ಓದಿ ಹೇಳಿ, ಸಾಕು" ಎನ್ನುತ್ತಿದ್ದಳು. ಅವಳ ಲೋಕ ಬೇರೆ. ಮಲಾಡಿನಲ್ಲಿ ನಮ್ಮ ಕರಾವಳಿ ಕಡೆಯ ಹೆಂಗಸರದ್ದೊಂದು ತಾಳಮದ್ದಲೆ ತಂಡವಿತ್ತು, ಈಗಲೂ ಇದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಎದುರುಬದುರು ಕುಳಿತವರು ತಮ್ಮ ತಮ್ಮ ಪಾತ್ರದ ಪರವಾಗಿ ಅಲ್ಲಿಂದಲ್ಲಿಗೆ ಮಾತು ಕಟ್ಟಬೇಕು. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಪುರಾಣದಲ್ಲಿ ಸೋಲುವ ಪಾತ್ರ ತಾಳಮದ್ದಲೆಯ ವಾದದಲ್ಲಿ ಗೆದ್ದು ಎದ್ದು ಹೋಗುವುದುಂಟು. ವಾರಿಜಳಿಗೆ ಯಾವಾಗಲೂ ಅಂಥ ಸೋಲುವ ಪಾತ್ರಗಳೇ ಬೇಕು. ಒಳ್ಳೆಯವರ ಪರವಾಗಿ ಮಾತಾಡಲು ಎಂತ ಉಂಟು, ಎಲ್ಲ ಅವರಾಗಿಯೇ ಒಪ್ಪಿಕೊಳ್ಳುತ್ತಾರಲ್ಲ ಎಂಬುದು ಅವಳ ವಾದ.

ಇಂಥವಳಿಗೆ ಡ್ರ್ಯಾಗನ್ ಕಥೆ ಹೇಳುವುದು ಸುಲಭದ ಕೆಲಸವಲ್ಲ. ಆದಿತ್ಯವಾರ ಸಂಜೆ ಅವಳು ಅಡುಗೆಮನೆಯ ನೆಲದಲ್ಲಿ ಕುಳಿತು ಹರಿವೆ ದಂಟಿನ ನಾರು ತೆಗೆಯುತ್ತಿದ್ದಳು. ನಾನು ಸ್ಟೂಲಿನ ಮೇಲೆ ಕುಳಿತು ವಾರದ ಕಥೆ ಒಪ್ಪಿಸುತ್ತಿದ್ದೆ. ಮೊದಲ ಸಂಪುಟದಲ್ಲಿ ಒಬ್ಬ ವೀರ ಒಂದು ಚಿಕ್ಕ ಡ್ರ್ಯಾಗನ್ನನ್ನು ಕೊಲ್ಲುತ್ತಾನೆ. ಅಷ್ಟು ಹೇಳಿದ್ದೇ ತಡ, ಅವಳ ಕೈ ನಿಂತಿತು.

"ನಾಗನಿಗೆ ಕತ್ತಿ ತೋರಿಸುವುದಾ? ಆ ಜನಕ್ಕೆ ತಲೆ ಸರಿ ಉಂಟಾ?"

"ನಾಗ ಅಲ್ಲ ಮಾರಾಯ್ತಿ. ಇದಕ್ಕೆ ರೆಕ್ಕೆ ಉಂಟು."

"ರೆಕ್ಕೆ ಇದ್ರೆ ಎಂತಾಯ್ತು? ಮೈ ಹಾವಿನದ್ದೇ ಅಲ್ವಾ? ನಿಧಿ ಕಾಯ್ತದೆ ಅಲ್ವಾ? ಮತ್ತೆಂತ ಬೇಕು ನಿಮಗೆ, ಆಧಾರ್ ಕಾರ್ಡಾ?"

ಕೊಂದವನಿಗೆ ಮೈಮೇಲೆ ತುರಿಕೆ ಎದ್ದಿತೇ, ಅವನ ಮನೆತನಕ್ಕೆ ಸಂತಾನ ನಿಂತಿತೇ ಎಂದೆಲ್ಲ ಅವಳು ವಿಚಾರಿಸಿದಳು. ಹಾಗೇನೂ ಆಗಲಿಲ್ಲ, ಅವನಿಗೆ ರಾಜಕುಮಾರಿಯೊಡನೆ ಮದುವೆಯಾಯಿತು ಎಂದೆ. ಲೇಖಕನಿಗೆ ಏನೂ ಗೊತ್ತಿಲ್ಲವೆಂದು ಅಂದೇ ತೀರ್ಮಾನವಾಯಿತು. ಓದಿದವನಿಗೂ ಕೇಳಿದವಳಿಗೂ ದೋಷ ತಟ್ಟಬಾರದೆಂದು, ಮುಂದಿನ ಸಲ ಊರಿಗೆ ಹೋದಾಗ ನಾಗಬನದಲ್ಲಿ ಸೀಯಾಳ ಒಪ್ಪಿಸಬೇಕಾಯಿತು. ಇಂಗ್ಲಿಷ್ ಕಾದಂಬರಿಯ ಪಾಪಕ್ಕೆ ಊರಿನ ನಾಗನಿಗೆ ಸೀಯಾಳ ಕೊಟ್ಟವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು. ಭಟ್ಟರು ಏನು ಸಮಾಚಾರವೆಂದು ಕೇಳಿದಾಗ ಆಫೀಸಿನ ತಾಪತ್ರಯ ಎಂದೆ.

ಆಮೇಲೆ ಗುಹೆಯ ಮುದಿ ಡ್ರ್ಯಾಗನ್ ಕಥೆಯೊಳಗೆ ಬಂತು. ಅಲ್ಲಿಂದ ನನ್ನ ಒಬ್ಬನ ಕಥೆ ಇಬ್ಬರದ್ದಾಯಿತು. ನಾನು ನಿಧಿ ಕೇಳಲು ಹೋದ ರಾಜ, ಅವಳು ಡ್ರ್ಯಾಗನ್. ಮನೆಯಲ್ಲಿ ನಮ್ಮದು ಅರ್ಧ ತುಳು, ಅರ್ಧ ಮುಂಬೈ ಕನ್ನಡ. ಆದರೆ ಅರ್ಥಕ್ಕೆ ಕುಳಿತರೆ ವಾರಿಜಳ ಬಾಯಿಂದ ಅಚ್ಚುಕಟ್ಟಾದ, ಮಡಿ ಉಟ್ಟ ಕನ್ನಡವೇ ಬರಬೇಕು. ಹರಿವೆ ದಂಟನ್ನು ನನ್ನ ಕಡೆ ಚಾಚಿ "ಎಲೈ ರಾಜನೇ" ಎಂದಳೆಂದರೆ ನಾವು ಬೆನ್ ಎಂದು ಕರೆಯುವ ಪಕ್ಕದ ಮನೆಯ ಗುಜರಾತಿ ಹೆಂಗಸು ಕಿಟಕಿ ತೆರೆದು ಇಣುಕುತ್ತಿದ್ದರು. ಪುಸ್ತಕದಲ್ಲಿ ಹೀಗಿದೆ, ಹಾಗಿಲ್ಲ ಎಂದು ಮೊದಮೊದಲು ನಾನು ಅಡ್ಡ ಬರುತ್ತಿದ್ದೆ. ಕ್ರಮೇಣ ಅದನ್ನು ಬಿಟ್ಟೆ. ಮಕ್ಕಳಿಲ್ಲದ ಮನೆಯಲ್ಲಿ ಆದಿತ್ಯವಾರ ಸಂಜೆಗಳು ಉದ್ದ ಇರುತ್ತವೆ ಎಂದು ಜನ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅವು ಸಾಲುತ್ತಿರಲಿಲ್ಲ.

ಐದನೆಯ ಸಂಪುಟ ಮುಗಿದ ಮೇಲೆ ಲೇಖಕ ಮಲಗಿಬಿಟ್ಟ. ಮುಂದಿನ ವರ್ಷ, ಮುಂದಿನ ವರ್ಷ ಎಂದು ಸುದ್ದಿ ಬರುತ್ತಿತ್ತು, ಪುಸ್ತಕ ಬರುತ್ತಿರಲಿಲ್ಲ. ಆ ನಡುವೆ ವಾರಿಜಳ ಕಾಯಿಲೆ ಗೊತ್ತಾಯಿತು. ಪರೇಲಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದವಳು ನಾನು ಹೋದಾಗಲೆಲ್ಲ ಕೇಳುತ್ತಿದ್ದಳು, "ಬಂತಾ ಆರನೆಯದ್ದು?" ಇಲ್ಲವೆಂದರೆ, "ಆ ಜನಕ್ಕೆ ಹೇಳಿ, ಸ್ವಲ್ಪ ಬೇಗ ಬರೀಲಿ. ನನಗೆ ಇಲ್ಲಿ ಬೇರೆ ಎಂತ ಕೆಲಸ?" ಎಂದು ನಗುತ್ತಿದ್ದಳು. ಪುಸ್ತಕ ಬರಲಿಲ್ಲ. ಅವಳು ಕಾಯಲಿಲ್ಲ.

ಕಳೆದ ವಾರ ಅದು ಬಂತು. ವಾಚ್‌ಮನ್ ಕೈಯಿಂದ ಪಾರ್ಸೆಲ್ ಇಸಿದುಕೊಂಡವನು ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿದೆ. ಹರಿವೆ ತರಲಿಲ್ಲ, ಅಷ್ಟು ನಾಟಕ ನನಗಾಗದು. ಆದರೆ ಓದಲು ಕುಳಿತದ್ದು ಅಡುಗೆಮನೆಯ ಸ್ಟೂಲಿನ ಮೇಲೆಯೇ. ಓದಿದೆ, ಓದಿದೆ. ಊಟದ ವರ್ಣನೆ ಬಂತು, ಕುದುರೆಯ ವರ್ಣನೆ ಬಂತು, ಯಾರದ್ದೋ ಚಿಕ್ಕಪ್ಪನ ವಂಶಾವಳಿ ಬಂತು. ಹೊಸ ಡ್ರ್ಯಾಗನ್‌ಗಳ ಹಿಂಡೇ ಬಂತು. ಅವುಗಳ ಬೆನ್ನ ಮೇಲೆ ಜೀನು ಹಾಕಿಕೊಂಡು ರಾಜಕುಮಾರರು ರಿಕ್ಷಾದಲ್ಲಿ ಹೋಗಿ ಬಂದಂತೆ ಹೋಗಿ ಬರುತ್ತಾರೆ. ನಮ್ಮ ಮುದಿ ಡ್ರ್ಯಾಗನ್ ಬಂದದ್ದು ಕೊನೆಕೊನೆಗೆ. ಒಬ್ಬ ಯಕಶ್ಚಿತ್ ಸಿಪಾಯಿ ಬಾಣ ಬಿಟ್ಟ. ಅದು ಬಿತ್ತು, ಸತ್ತಿತು. ಅರ್ಧ ಪುಟ. ಒಂದೇ ಒಂದು ಮಾತಿಲ್ಲ.

ನಿನ್ನೆ ಸಂಜೆ ಪುಸ್ತಕ ಮುಗಿಸಿ ಮುಚ್ಚಿದೆ. ಎರಡನೆಯ ಸಲ ಹೆಂಡತಿಯನ್ನು ಕಳೆದುಕೊಂಡ ಹಾಗೆ ಆಯಿತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ. ಆಮೇಲೆ ಎದ್ದು ಆ ಪುಸ್ತಕವನ್ನು ಹಿಟ್ಟಿನ ಪಾತ್ರೆಯ ಮೇಲೆ ಕುಕ್ಕಿದೆ.

ಇವತ್ತು ಬೆಳಿಗ್ಗೆ ಹಿಟ್ಟು ಒರೆಸಿ, ಕಾಫಿ ಕುಡಿದು, ಲೇಖಕನಿಗೆ ಬುದ್ಧಿ ಹೇಳಲು ಕಂಪ್ಯೂಟರಿನ ಮುಂದೆ ಕುಳಿತೆ. ಓದುಗರು ಅಭಿಪ್ರಾಯ ಬರೆಯುವ ಜಾಗವೊಂದಿದೆಯಲ್ಲ, ಅಲ್ಲಿ. ನನಗಿಂತ ಮೊದಲೇ ಸಾವಿರಾರು ಜನ ಬಂದು ಉಗಿದು ಹೋಗಿದ್ದರು. ಆದರೆ ನನ್ನ ಹತ್ತಿರ ಬ್ರಹ್ಮಾಸ್ತ್ರವಿತ್ತು. ಮೂರನೆಯ ಸಂಪುಟದ ಗುಹೆಯ ಅಧ್ಯಾಯದಲ್ಲಿ ಡ್ರ್ಯಾಗನ್ ರಾಜನಿಗೆ ಹೇಳುವ ಮಾತು. ಅಂಥದ್ದನ್ನು ಬರೆದ ಕೈ ಇಂಥದ್ದನ್ನು ಬರೆಯಿತೇ ಎಂದು ಕೇಳಬೇಕು. ನಿನ್ನದಲ್ಲದ ನಿಧಿಯನ್ನು ಕಾಯುವ ನೀನು ಮೂರ್ಖನೆಂದು ರಾಜ ಮೂದಲಿಸುತ್ತಾನೆ. ಅದಕ್ಕೆ ಡ್ರ್ಯಾಗನ್ ಅನ್ನುತ್ತದೆ:

"ಎಲೈ ರಾಜನೇ, ನಿಧಿ ನನ್ನದಲ್ಲವೆಂಬುದು ಸತ್ಯ. ಇಟ್ಟವರು ಹೋದರು, ಇಟ್ಟದ್ದು ಉಳಿಯಿತು. ಇಟ್ಟವರಿಲ್ಲವೆಂದು ಎದ್ದುಹೋಗುವುದು ನಿನ್ನ ರಾಜನೀತಿಯಾಗಿರಬಹುದು, ನನ್ನ ಧರ್ಮವಲ್ಲ. ಮಂತ್ರಿ ಸೈನ್ಯಗಳ ನಡುವೆ ಕುಳಿತು ಮಾತಾಡುವವನಿಗೆ ಕಾವಲೆಂದರೇನೆಂದು ತಿಳಿಯದು. ಒಂದು ಮಳೆಗಾಲ ಇಲ್ಲಿ ನೀನೊಬ್ಬನೇ ಕುಳಿತು ನೋಡು. ಆಮೇಲೆ ಬಾ, ಮಾತಾಡೋಣ."

ಮೂಲದ ಇಂಗ್ಲಿಷ್ ವಾಕ್ಯಗಳನ್ನು ಇದ್ದ ಹಾಗೆಯೇ ಕೊಡೋಣವೆಂದು ಮೂರನೆಯ ಸಂಪುಟವನ್ನು ಕಪಾಟಿನಿಂದ ತೆಗೆದೆ. ಗುಹೆಯ ಅಧ್ಯಾಯ ಸಿಕ್ಕಿತು. ರಾಜ ಒಳಗೆ ಹೋಗುತ್ತಾನೆ. ಡ್ರ್ಯಾಗನ್ ಒಂದು ಕಣ್ಣು ತೆರೆಯುತ್ತದೆ. 'ಹೋಗು' ಎನ್ನುತ್ತದೆ. ರಾಜ ಹೋಗುತ್ತಾನೆ. ಅಧ್ಯಾಯ ಮುಗಿಯುತ್ತದೆ.

ಇದೂ ಫುಟ್‌ಪಾತಿನಲ್ಲೇ ಕೊಂಡ ಪುಸ್ತಕ, ಕಳ್ಳ ಪ್ರತಿ ಇರಬೇಕು, ನಡುವಿನ ಹಾಳೆಗಳು ಹೋಗಿರಬೇಕು ಎಂದುಕೊಂಡೆ. ಪುಟಸಂಖ್ಯೆ ನೋಡಿದರೆ ಎಲ್ಲ ಸಾಲಾಗಿದೆ. ಎರಡನೆಯದ್ದು ತೆಗೆದೆ, ನಾಲ್ಕನೆಯದ್ದು ತೆಗೆದೆ, ಐದನೆಯದ್ದನ್ನು ಹಾಳೆ ಹಾಳೆಯಾಗಿ ನೋಡಿದೆ. ಮಧ್ಯಾಹ್ನವಾಯಿತು. ನಾಲ್ಕು ಸಂಪುಟಗಳಲ್ಲೂ ಆ ಡ್ರ್ಯಾಗನ್ ಗುರುಗುಟ್ಟುತ್ತದೆ, ಹೊಗೆ ಬಿಡುತ್ತದೆ, ಆಗೊಮ್ಮೆ ಈಗೊಮ್ಮೆ ಒಂದು ಶಬ್ದ ಆಡುತ್ತದೆ. ಧರ್ಮ, ಕಾವಲು, ಮಳೆಗಾಲ ಯಾವುದೂ ಇಲ್ಲ.

ಅಲ್ಲಿಗೆ ನನಗೆ ಹೆದರಿಕೆಯಾಯಿತು. ಪುಸ್ತಕದಲ್ಲಿಲ್ಲ ಎಂದಾದರೆ ಅದು ವಾರಿಜಳ ಮಾತು. ಆದರೆ ಅವಳಾದರೂ ಹೇಳಿದ್ದಳೇ? ಅಥವಾ ಒಬ್ಬನೇ ಇದ್ದೂ ಇದ್ದೂ ನಾನೇ ಕಟ್ಟಿಕೊಂಡೆನೇ? ಕೇಳೋಣವೆಂದರೆ ಆ ಅಡುಗೆಮನೆಯಲ್ಲಿದ್ದವರು ನಾವಿಬ್ಬರೇ. ಕೊನೆಗೆ ತಾಳಮದ್ದಲೆ ತಂಡದ ಸುಮತಿಗೆ ಫೋನ್ ಮಾಡಿದೆ. ವಾರಿಜಳನ್ನು ಅಕ್ಕನೆಂದೂ ನನ್ನನ್ನು ಭಾವನೆಂದೂ ಕರೆಯುವವಳು ಅವಳು. ನಾಚಿಕೆ ಬಿಟ್ಟು ಆ ಮಾತನ್ನು ಫೋನಿನಲ್ಲಿ ಒಪ್ಪಿಸಿ, ಎಲ್ಲಾದರೂ ಕೇಳಿದ್ದುಂಟೇ ಎಂದೆ.

"ಅಯ್ಯೋ ಭಾವ, ಕೇಳದೆ ಉಂಟಾ? ಅಕ್ಕ ಒಮ್ಮೆ ನಮ್ಮ ಕೂಟದಲ್ಲಿ ಬೇರೆ ಯಾವುದೋ ಪಾತ್ರಕ್ಕೆ ಇದನ್ನೇ ತಿರುಗಿಸಿ ಹೇಳಿದ್ರು. ಎದುರಿಗೆ ನಾನೇ ಇದ್ದದ್ದು. ನನ್ನ ಬಾಯಿ ಬಂದ್!"

"ಹೌದಾ?"

"ಎಲ್ಲಿಂದ ಬಂತಕ್ಕ ಈ ಮಾತು ಅಂತ ಕೇಳಿದೆ. ಎಂತ ಹೇಳಿದ್ರು ಗೊತ್ತುಂಟಾ? 'ಮನೆಯಲ್ಲಿ ನಿನ್ನ ಭಾವ ಎದುರು ಕೂತು ಕೆಣಕ್ತಾರೆ. ಅಂಥ ಎದುರಾಳಿ ಇದ್ರೆ ಮಾತು ತನ್ನಷ್ಟಕ್ಕೆ ಬರ್ತದೆ' ಅಂತ. ನಮಗೆಲ್ಲ ಹೊಟ್ಟೆಕಿಚ್ಚು ಭಾವ, ನಿಜವಾಗಿ."

ಇಡ್ತೇನೆ ಸುಮತಿ ಎಂದು ಫೋನ್ ಇಟ್ಟೆ. ನಾನು ಕಥೆ ಹೇಳುವವನು, ಅವಳು ಕೇಳುವವಳು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅವಳ ಲೆಕ್ಕದಲ್ಲಿ ನಾನೂ ಒಬ್ಬ ಅರ್ಥಧಾರಿ. ಬದುಕಿದ್ದಾಗ ನನಗೊಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ಉಬ್ಬಿಹೋಗುತ್ತಿದ್ದೆ, ಅದಕ್ಕೇ ಹೇಳಲಿಲ್ಲವೋ ಏನೋ.

ಲೇಖಕನಿಗೆ ಬರೆದಿಟ್ಟ ಬೈಗುಳವನ್ನೆಲ್ಲ ಅಳಿಸಿದೆ. ಆ ಪಾಪದವನು ಏನನ್ನೂ ಹಾಳು ಮಾಡಿಲ್ಲ. ಅವನು ಕೊಂದದ್ದು ಅವನ ಡ್ರ್ಯಾಗನ್ನನ್ನು, ಅದಕ್ಕೆ ಮೊದಲಿನಿಂದಲೂ ಮಾತು ಬರುತ್ತಿರಲಿಲ್ಲ. ನಮ್ಮದು ಅವನ ಕೈಗೆ ಸಿಕ್ಕಿಯೇ ಇಲ್ಲ.

ಈಗ ಸಂಜೆ. ಸ್ಟೂಲಿನ ಮೇಲೆ ಕುಳಿತಿದ್ದೇನೆ. ಗುಜರಾತಿ ಬೆನ್ ಅವರ ಕಿಟಕಿ ಮುಚ್ಚಿದೆ, ಅಷ್ಟು ಒಳ್ಳೆಯದಾಯಿತು. ಡ್ರ್ಯಾಗನ್ನಿನ ಅರ್ಥವನ್ನು ನಾನೇ ಮುಂದುವರಿಸಿ ನೋಡೋಣವೆಂದು ಬಾಯಿ ತೆರೆದೆ, ಒಂದು ಶಬ್ದವೂ ಬರಲಿಲ್ಲ. ನನಗೆ ಬರುವುದು ರಾಜನ ಮಾತು ಮಾತ್ರ. ಅಂದು ಅವಳ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇಂದು ಇತ್ತು. ಗಂಟಲು ಸರಿಮಾಡಿಕೊಂಡು ಎದುರಿನ ಖಾಲಿ ನೆಲಕ್ಕೆ ಹೇಳಿದೆ:

"ಎಲೈ ಸರ್ಪರಾಜನೇ, ನೀನು ಹೇಳಿದ್ದು ಒಂದು ಮಳೆಗಾಲ. ನಾನು ಮೂರು ಮಳೆಗಾಲ ಒಬ್ಬನೇ ಕುಳಿತು ಬಂದಿದ್ದೇನೆ. ಕಾವಲೆಂದರೇನೆಂದು ತಿಳಿಯಿತು. ಮಾತಾಡೋಣವೇ?"

ಎದುರಾಳಿಗೆ ಪ್ರಶ್ನೆ ಹಾಕಿದ ಮೇಲೆ ಅವರ ಅರ್ಥ ಮುಗಿಯುವ ತನಕ ನಾವು ನಡುವೆ ಬಾಯಿ ಹಾಕಬಾರದು. ವಾರಿಜ ದೊಡ್ಡ ದೊಡ್ಡ ಅರ್ಥ ಹೇಳುವವಳು. ನಾನು ಸುಮ್ಮನೆ ಕುಳಿತೆ.