ಕಮಲಾಪುರದಲ್ಲಿ ಕಾಣದ ಉಂಗುರ

ಕಮಲಾಪುರದ ಕಾಲೇಜಿಗೆ ನಾನು ಉಪನ್ಯಾಸಕ್ಕೆ ಹೋದದ್ದೇ ಒಂದು ಚಿತ್ರ ತೋರಿಸಲಿಕ್ಕೆ. ವಿಪರೀತ ತಣ್ಣಗಾದ ಪರಮಾಣುಗಳು ಡಿಕ್ಕಿ ಹೊಡೆದರೆ ಗೋಲಿಗಳಂತೆ ಸಿಡಿಯುವುದಿಲ್ಲ. ಅಲೆಯಾಗಿ ಎಲ್ಲ ಕಡೆ ಹರಡುತ್ತವೆ, ಚಿತ್ರದಲ್ಲಿ ಉಂಗುರ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ. ಮೊದಲು ಸನ್ಮಾನವೆಂದು ತಲೆಗೆ ಕೆಂಪು ರುಮಾಲು ಸುತ್ತಿ ಶಾಲು ಹೊದಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನೂ ಇಲ್ಲ, ಪ್ರೊಜೆಕ್ಟರೂ ಇಲ್ಲ. ಬೆವರು ತಾಳದೆ ರುಮಾಲಿಗೆ ಕೈ ಹಾಕಿದೆ.

“ತೆಗೀಬ್ಯಾಡ್ರಿ ಸರ್, ನಮಗ ಅಪಮಾನ ಮಾಡಿದಂಗ ಆಗ್ತದ,” ಎಂದರು ಪ್ರಿನ್ಸಿಪಾಲರು.

“ಜೀವಾ ಹೊಂಟದರೀ!”

“ಥಂಡಿ ಬಗ್ಗೆ ಮಾತಾಡೋರಿಗೆ ಶಕಿ ಹ್ಯಾಂಗ ಆಗ್ತದರೀ?”

ಸಭೆ ನಕ್ಕಿತು. ನಾನು ಹಲ್ಲು ಕಚ್ಚಿ ಗಾಳಿಯಲ್ಲೇ ಬೆರಳಿನಿಂದ ಉಂಗುರ ಬರೆದೆ. ಯಾರಿಗೂ ಕಾಣಲಿಲ್ಲ.

ಕಲಬುರಗಿಯ ಬಸ್ಸು ಹತ್ತಿದ ಮೇಲೆಯೇ ರುಮಾಲು ತೆಗೆದೆ. ಖೂಬಾ ಪ್ಲಾಟ್‌ನ ಮನೆ ಮುಟ್ಟಿದಾಗ ಹೆಂಡತಿ ಕನ್ನಡಿ ಹಿಡಿದಳು. ರುಮಾಲು ಬಣ್ಣ ಬಿಟ್ಟು ತಲೆಯ ಸುತ್ತ ಕೆಂಪು ಉಂಗುರ! ಅದನ್ನು ನೋಡಲು ಇಡೀ ಓಣಿ ಬಂತು.